ಮೂರು ಟವೆಲ್ ಇದ್ದರೆ ಒಂದು ಬಾತ್‌ರೋಬ್

ಸ್ನಾನ ಮುಗಿಸಿ ಟವೆಲ್ ಸುತ್ತಿಕೊಂಡು ಕೋಣೆಗೆ ಓಡುವುದು ನಮ್ಮ ಮನೆಗಳ ವಾಡಿಕೆ. ಬಾತ್‌ರೋಬ್ (ಸ್ನಾನವಾದ ಮೇಲೆ ತೊಡುವ ನಿಲುವಂಗಿ) ನೋಡುವುದೇನಿದ್ದರೂ ದೊಡ್ಡ ಹೋಟೆಲಿನಲ್ಲಿ. ಆದರೆ ಮಡಿಕೇರಿ, ಚಿಕ್ಕಮಗಳೂರಿನ ಚಳಿಗೆ ನಡುಗುತ್ತಾ ಬಚ್ಚಲಿನಿಂದ ಹೊರಬರುವ ಅಜ್ಜಿಗೋ ಅತ್ತೆಗೋ ಒಂದನ್ನು ಹೊಲಿದು ಕೊಟ್ಟು ನೋಡಿ. ದೀಪಾವಳಿಯ ಎಣ್ಣೆಸ್ನಾನಕ್ಕೆ ಮೊದಲೇ ಕೈಗಿತ್ತರೆ ಇನ್ನೂ ಚೆಂದ. ರವಿಕೆ ಹೊಲಿಯುವಷ್ಟು ತಲೆನೋವು ಇದರಲ್ಲಿಲ್ಲ. ಡಾರ್ಟ್ (ಮೈಗೆ ಕೂರುವಂತೆ ಹಾಕುವ ಮಡಿಕೆ) ಇಲ್ಲ, ಹುಕ್ಕಿಲ್ಲ, ತೋಳಿನ ಗುಂಡಗಿನ ಕಟಿಂಗೂ ಇಲ್ಲ.

ಮೀಟರ್ ಲೆಕ್ಕದಲ್ಲಿ ಬಟ್ಟೆ ತರಬೇಡಿ ಅಂತಲೇ ನನ್ನ ಸಲಹೆ. 30x60 ಇಂಚಿನ ಮೂರು ಟರ್ಕಿ ಟವೆಲ್ ತನ್ನಿ. ಟವೆಲಿನ ಅಂಚುಗಳನ್ನು ಮೊದಲೇ ಮಡಿಸಿ ಹೊಲಿದಿರುತ್ತಾರೆ. ಆ ಅಂಚನ್ನು ಸರಿಯಾದ ಜಾಗಕ್ಕೆ ಬರುವಂತೆ ಕತ್ತರಿಸಿದರೆ ಅರ್ಧ ಕೆಲಸ ಉಳಿಯಿತು. ಸೋಲಾಪುರದ ಟವೆಲ್ ಸಿಕ್ಕರೆ ಒಳ್ಳೆಯದು, ಅದಕ್ಕೆ ಊರಿನ ಹೆಸರಿಗೇ ಸಿಗುವ ಜಿಐ (ಭೌಗೋಳಿಕ ಸೂಚಕ) ಮಾನ್ಯತೆಯೂ ಇದೆ. 400 ಜಿಎಸ್‌ಎಂ (ಒಂದು ಚದರ ಮೀಟರಿಗೆ ಎಷ್ಟು ಗ್ರಾಂ ಎಂಬ ತೂಕದ ಲೆಕ್ಕ) ಆಸುಪಾಸಿನದು ಸಾಕು. ಅದಕ್ಕಿಂತ ತುಂಬಾ ದಪ್ಪನೆಯದಾದರೆ ಮನೆಯ ಮೆಷಿನ್ ಏದುಸಿರು ಬಿಡುತ್ತದೆ. ತಂದ ತಕ್ಷಣ ಒಮ್ಮೆ ಒಗೆದು ಒಣಗಿಸಿ. ಹತ್ತಿ ಕುಗ್ಗುತ್ತದೆ, ಅದು ಕತ್ತರಿಸುವ ಮೊದಲೇ ಕುಗ್ಗಲಿ.

ಇಲ್ಲಿ ಕೊಟ್ಟಿರುವ ಅಳತೆ, 40 ಇಂಚಿನವರೆಗೆ ಎದೆಸುತ್ತು ಇರುವವರಿಗೆ. ಅದಕ್ಕೂ ಜಾಸ್ತಿ ಇದ್ದರೆ ನಾಲ್ಕನೇ ಟವೆಲ್ ಬೇಕಾಗುತ್ತದೆ. ಉಡುಗೊರೆ ಪಡೆಯುವವರಿಗೆ ಗೊತ್ತಾಗಬಾರದು ಅಲ್ವಾ? ಅವರ ನೈಟಿಯನ್ನೋ ಅಂಗಿಯನ್ನೋ ಹಾಸಿ ಅಳತೆ ತೆಗೆದುಕೊಳ್ಳಿ.

ಮೊದಲ ಟವೆಲ್ ಬೆನ್ನಿಗೆ. ಅಗಲವನ್ನು ಮುಟ್ಟಬೇಡಿ. ಕೆಳಗಿನ ಅಂಚಿನಿಂದ 42 ಇಂಚು ಅಳೆದು ಕತ್ತರಿಸಿ. ಎರಡನೆಯದನ್ನೂ ಹಾಗೇ 42 ಇಂಚಿಗೆ ಕತ್ತರಿಸಿ, ಆಮೇಲೆ ನಡುವೆ ಉದ್ದಕ್ಕೆ ಸೀಳಿ. ಅವು ಎರಡು ಮುಂಭಾಗ. ಕೆಳಗೂ ಪಕ್ಕಕ್ಕೂ ಬರುವುದು ಟವೆಲಿನ ಸ್ವಂತ ಅಂಚೇ. ಬೆನ್ನಿನ ಕುತ್ತಿಗೆ 8 ಇಂಚು ಅಗಲ, 1 ಇಂಚು ಆಳ. ಮುಂಭಾಗದಲ್ಲಿ ಸೀಳಿದ ಕಡೆಯಿಂದ ಭುಜದ ಮೇಲೆ 4 ಇಂಚು ಒಳಕ್ಕೆ ಗುರುತು ಹಾಕಿ, ಅಲ್ಲಿಂದ ಸೀಳಿದ ಅಂಚಿನಲ್ಲಿ 15 ಇಂಚು ಕೆಳಗಿನ ಜಾಗಕ್ಕೆ ಓರೆಯಾಗಿ ಕತ್ತರಿಸಿ.

ಮೂರನೆಯದು ತೋಳಿಗೆ, ಪಟ್ಟಿಗೆ. ಒಂದು ತುದಿಯ ಬಾರ್ಡರ್ ತೆಗೆದು 20 ಇಂಚು ಉದ್ದದ ತುಂಡು ಮಾಡಿ, ಅದನ್ನು ಅಗಲದಲ್ಲಿ ಎರಡಾಗಿಸಿ. ತಲಾ 15 ಇಂಚಿನ ಎರಡು ತೋಳು ಬಂತು. ಕುಗ್ಗಿದ್ದಕ್ಕೆ ಅರ್ಧ ಇಂಚು ಕಡಿಮೆಯಾದರೂ ಪರವಾಗಿಲ್ಲ, ಭುಜವೇ ಕೆಳಗಿಳಿದಿರುತ್ತದಲ್ಲ. ಟವೆಲಿನ ಅಂಚು ಮಣಿಕಟ್ಟಿನ ಕಡೆಗಿರಲಿ. ಮಿಕ್ಕಿದ್ದರಲ್ಲಿ ಉದ್ದಕ್ಕೆ 6 ಇಂಚಿನ ಮೂರು ಪಟ್ಟಿ ಕಾಲರಿಗೆ, 5 ಇಂಚಿನ ಎರಡು ಪಟ್ಟಿ ಬೆಲ್ಟಿಗೆ. ಬೆನ್ನಿನ ಟವೆಲಿನಲ್ಲಿ ಮಿಕ್ಕ ತುಂಡಿನಿಂದ 8x9 ಇಂಚಿನ ಎರಡು ಜೇಬು ತೆಗೆಯಿರಿ. ಅದರ ಬಾರ್ಡರ್ ಜೇಬಿನ ಬಾಯಿಗೆ ಬಂದರೆ ಅಂಗಡಿಯದ್ದೇ ಅನ್ನಬೇಕು.

ಚಾಕಿನ ಗೆರೆ ಟವೆಲಿನ ಮೇಲೆ ನಿಲ್ಲುವುದಿಲ್ಲ. ಬೇರೆ ಬಣ್ಣದ ದಾರದಲ್ಲಿ ಕಚ್ಚಾ ಹೊಲಿಗೆ ಹಾಕಿ ಗುರುತು ಮಾಡಿ. ಗುಂಡುಪಿನ್ನು ಚುಚ್ಚಿದರೆ ನೂಲಿನ ಸುರುಳಿಗಳ ನಡುವೆ ಮಾಯವಾಗಿ, ತೊಟ್ಟವರ ಬೆನ್ನಿಗೇ ಚುಚ್ಚಬಹುದು. ಬಟ್ಟೆ ಒಣಹಾಕುವ ಕ್ಲಿಪ್ಪೇ ವಾಸಿ. ನೆಲಕ್ಕೆ ಹಳೇ ಪೇಪರ್ ಹಾಸಿ ಕತ್ತರಿಸಿ, ಧೂಳು ವಿಪರೀತ. ಮೆಷಿನ್‌ಗೆ 16ನೇ ನಂಬರಿನ ಸೂಜಿ, ಪಾಲಿಯೆಸ್ಟರ್ ದಾರ, 3.5 ಮಿಲಿಮೀಟರಿನ ಉದ್ದ ಹೊಲಿಗೆ. ನಡುನಡುವೆ ಬಾಬಿನ್ ಕೇಸ್ (ಕೆಳದಾರದ ಡಬ್ಬಿ) ತೆಗೆದು ಬ್ರಷ್‌ನಿಂದ ಉಜ್ಜದಿದ್ದರೆ ದಾರ ಸಿಕ್ಕು ಬೀಳುವುದು ಖಂಡಿತ.

ಜೇಬುಗಳನ್ನು ಮೊದಲು ಮುಂಭಾಗಕ್ಕೆ ಹೊಲಿದುಬಿಡಿ, ಆಮೇಲೆ ಕೈ ಆಡುವುದಿಲ್ಲ. ನಂತರ ಭುಜ. ಒದ್ದೆಯಾದಾಗ ಭಾರವೆಲ್ಲ ಭುಜದ ಮೇಲೇ ಬೀಳುತ್ತದೆ, ಹಾಗಾಗಿ ಆ ಹೊಲಿಗೆಯ ಜೊತೆ ತೆಳ್ಳನೆಯ ಹತ್ತಿ ಟೇಪನ್ನೂ ಸೇರಿಸಿ. ತೋಳಿನ ಮಧ್ಯವನ್ನು ಭುಜದ ಹೊಲಿಗೆಗೆ ಕೂಡಿಸಿ, ಬಟ್ಟೆ ಅಗಲವಾಗಿ ಹಾಸಿರುವಾಗಲೇ ಜೋಡಿಸಿ. ಕೊನೆಗೆ ಮಣಿಕಟ್ಟಿನಿಂದ ಕಂಕುಳಿಗೆ, ಅಲ್ಲಿಂದ ಕೆಳಗಿನ ಅಂಚಿಗೆ ಒಂದೇ ಓಟದಲ್ಲಿ ಹೊಲಿಯಿರಿ. ಸೊಂಟದ ಹತ್ತಿರ ಎರಡೂ ಪಕ್ಕಕ್ಕೆ ಬೆಲ್ಟಿನ ಲೂಪ್ ಸಿಕ್ಕಿಸುವುದನ್ನು ಮರೆಯಬೇಡಿ. ಕತ್ತರಿಸಿದ ಅಂಚುಗಳಿಗೆ ಜಿಗ್‌ಜಾಗ್ ಬೇಕೇ ಬೇಕು. ನಿಮ್ಮದು ಬರೀ ನೇರ ಹೊಲಿಗೆಯ ಮೆಷಿನ್ ಆದರೆ ಹತ್ತಿರದ ಟೈಲರ್ ಅಂಗಡಿಯಲ್ಲಿ ಅಂಚಿನ ನೂಲು ಬಿಚ್ಚದಂತೆ ಓವರ್‌ಲಾಕ್ ಮಾಡಿಸಿ.

ಕಾಲರ್ ಪಟ್ಟಿಗಳನ್ನು ಒಂದಕ್ಕೊಂದು ಜೋಡಿಸಿ ಉದ್ದಕ್ಕೆ ಮಡಿಸಿ. ಅದರ ಮಧ್ಯವನ್ನು ಬೆನ್ನಿನ ಕುತ್ತಿಗೆಯ ಮಧ್ಯಕ್ಕೆ ಹಿಡಿದು, ಅಲ್ಲಿಂದ ಎರಡೂ ಕಡೆ ಕೆಳಕ್ಕೆ ಹೊಲಿಯುತ್ತಾ ಬನ್ನಿ. ಮೂರು ಪದರ ಸೇರುವ ಜಾಗದಲ್ಲಿ ಕಾಲಿನಿಂದ ತುಳಿಯದೆ ಚಕ್ರವನ್ನು ಕೈಯಲ್ಲೇ ತಿರುಗಿಸಿದರೆ ಸೂಜಿ ಮುರಿಯುವುದಿಲ್ಲ. ಹೊಲಿಗೆಯನ್ನು ಒಳಕ್ಕೆ ಮಡಚಿ ಮೇಲಿನಿಂದ ಇನ್ನೊಂದು ಸಾಲು ಹಾಕಿ. ಬೆಲ್ಟಿನ ಎರಡು ತುಂಡು ಕೂಡಿಸಿ ಕೊಳವೆಯಂತೆ ಹೊಲಿದು ತಿರುಗಿಸಿದರೆ ಮುಗಿಯಿತು.

ಉಡುಗೊರೆ ಕಟ್ಟುವಾಗ ಒಂದು ಚೀಟಿ ಇಡಿ: ಫ್ಯಾಬ್ರಿಕ್ ಕಂಡಿಷನರ್ ಹಾಕಬೇಡಿ, ಹಾಕಿದರೆ ನೀರು ಹೀರುವುದು ಕಡಿಮೆಯಾಗುತ್ತದೆ, ಇಸ್ತ್ರಿ ಬೇಡ, ಒಣಹಾಕುವ ಮುಂಚೆ ಜೋರಾಗಿ ಕೊಡವಿದರೆ ಸಾಕು.