ಖಾನಾವಳಿ ಹುಡುಕಲು ಹಿಟ್ಟಿನ ಗಿರಣಿಗೆ ಹೋದೆ

ಕಳೆದ ತಿಂಗಳು ನಮ್ಮ ಹಿರಿಯ ಸಹೋದ್ಯೋಗಿಯೊಬ್ಬರು ಬಳ್ಳಾರಿಯ ಕೌಲ್ ಬಜಾರಿನ ಓಣಿಯೊಂದರ ಖಾನಾವಳಿಯಲ್ಲಿ ನನ್ನ ಎದುರು ಕುಳಿತು ನಾಲ್ಕನೆಯ ರೊಟ್ಟಿ ಹಾಕಿಸಿಕೊಂಡರು. ಎರಡು ವರ್ಷದ ಹಿಂದೆ ಇವರೇ, "ಊಟ ಹುಡುಕಲು ಹಿಟ್ಟಿನ ಗಿರಣಿಗೆ ಹೋಗುವವನನ್ನು ಇಷ್ಟು ವರ್ಷದಲ್ಲಿ ನಿನ್ನೊಬ್ಬನನ್ನೇ ಕಂಡೆ" ಎಂದು ಎಲ್ಲರೆದುರು ನಕ್ಕಿದ್ದರು. ಆ ನಾಲ್ಕನೆಯ ರೊಟ್ಟಿಯ ಧೈರ್ಯದ ಮೇಲೆ ಇದನ್ನು ಬರೆಯುತ್ತಿದ್ದೇನೆ.

ನನ್ನದು ಹೊಲಿಗೆ ಯಂತ್ರಗಳ ಬಿಡಿಭಾಗ ಪೂರೈಸುವ ಕೆಲಸ. ಮನೆ ಕುಷ್ಟಗಿಯಲ್ಲಿ, ದುಡಿಮೆ ಬಳ್ಳಾರಿಯ ಜೀನ್ಸ್ ಘಟಕಗಳಲ್ಲಿ. ತಿಂಗಳಿಗೆ 26 ದಿನ, ದಿನಕ್ಕೆ ಎರಡು ಹೊತ್ತು ಹೊರಗಿನ ಊಟ. ಊರೂರು ತಿರುಗುವವರಿಗೆ ಈ ಲೆಕ್ಕ ಬಿಡಿಸಿ ಹೇಳಬೇಕಾಗಿಲ್ಲ. ಮೊದಲ ವರ್ಷ ಒಂದು ಊಟಕ್ಕೆ ಸರಾಸರಿ 120 ರೂಪಾಯಿ ಬೀಳುತ್ತಿತ್ತು. ತಿಂಗಳಿಗೆ ಆರು ಸಾವಿರ ದಾಟುತ್ತಿತ್ತು. ಅಷ್ಟು ಕೊಟ್ಟರೂ ರಾತ್ರಿ ಹುಳಿತೇಗು.

ಮೊದಲು ಎಲ್ಲರಂತೆ ಮೊಬೈಲಿನ ಸ್ಟಾರ್ ನಂಬಿದೆ. ಸ್ಟಾರ್ ಹೆಚ್ಚಿದ್ದ ಕಡೆ ದೀಪ, ಕುರ್ಚಿ, ತಂಪು ಗಾಳಿ ಎಲ್ಲ ಇತ್ತು. 240 ರೂಪಾಯಿ ಊಟದ ರೊಟ್ಟಿ ಮಾತ್ರ ರಟ್ಟಿನಂತೆ ಇತ್ತು. ಆಮೇಲೆ ಜನ ಹೆಚ್ಚಿರುವ ಕಡೆ ಹೋಗಬೇಕು ಎಂಬ ಮಾತು ನಂಬಿದೆ. ಬಸ್ ನಿಲ್ದಾಣದ ಸುತ್ತ ಜನ ತುಂಬುವುದು ಬಸ್ಸಿನಿಂದ, ಅಡುಗೆಯಿಂದಲ್ಲ. ಇದು ತಿಳಿಯಲು ನನಗೆ ಮೂರು ತಿಂಗಳು ಬೇಕಾಯಿತು. ಲಾರಿ ನಿಲ್ಲುವ ಢಾಬಾದಲ್ಲಿ ಊಟ ಚೆನ್ನಾಗಿರುತ್ತದೆ ಎಂದರು. ಹೊಸಪೇಟೆ ರಸ್ತೆಯಲ್ಲಿ ನಾಲ್ಕೈದು ಕಡೆ ಉಂಡೆ. ಲಾರಿ ನಿಲ್ಲಿಸಲು ಜಾಗ ಇರುವಲ್ಲಿ ಲಾರಿ ನಿಲ್ಲುತ್ತದೆ, ಅಷ್ಟೇ.

ದೊಡ್ಡ ಪೆಟ್ಟು ಬಿದ್ದದ್ದು ಮೆಸ್ಸಿನಲ್ಲಿ. 60 ಊಟದ ಕೂಪನ್ನಿಗೆ 3,000 ರೂಪಾಯಿ ಮುಂಗಡ ಕೊಟ್ಟೆ. ಹದಿನೈದು ಊಟ ಮುಗಿಯುವಷ್ಟರಲ್ಲಿ ಬಾಗಿಲಿಗೆ ಬೀಗ ಬಿತ್ತು. ಉಳಿದ ಕೂಪನ್ ಇನ್ನೂ ನನ್ನ ಚೀಲದಲ್ಲಿವೆ. ಅದೇ ಬೇಸಿಗೆಯಲ್ಲಿ ಮತ್ತೊಂದು ಕಡೆ ಹಳಸಿದ ಪಲ್ಯ ತಿಂದು ಎರಡು ದಿನ ಮಲಗಿದೆ. ಔಷಧಕ್ಕೆ ಎರಡು ಸಾವಿರದಷ್ಟು ಹೋಯಿತು, ಎರಡು ದಿನದ ವ್ಯವಹಾರವೂ ಹೋಯಿತು.

ಹಾಗೆ ಮಲಗಿದ್ದಾಗ ಅವ್ವನ ಮಾತು ನೆನಪಾಯಿತು. ರೊಟ್ಟಿ ಬಿರಿದರೆ ಆಕೆ ಕೈಯನ್ನಾಗಲಿ ಹಂಚನ್ನಾಗಲಿ ಬೈಯುತ್ತಿರಲಿಲ್ಲ. "ಹಿಟ್ಟಿನ ಜಿಗಿ ಹೋಗಿದೆ" ಎನ್ನುತ್ತಿದ್ದಳು. ಜಿಗಿ ಎಂದರೆ ಅಂಟು. ಜೋಳದ ಹಿಟ್ಟು ಬೀಸಿ ದಿನ ಕಳೆದಷ್ಟೂ ಜಿಗಿ ಇಳಿಯುತ್ತದೆ, ಕಹಿ ಏರುತ್ತದೆ. ಪಲ್ಯಕ್ಕೆ ಎಣ್ಣೆ, ಖಾರ ಸುರಿದು ಕಣ್ಣು ಕಟ್ಟಬಹುದು, ರೊಟ್ಟಿಯಲ್ಲಿ ಅದು ಆಗದು. ಹಾಗಾದರೆ ದಿನಾ ತಾಜಾ ಹಿಟ್ಟು ಬೀಸಿಸುವ ಖಾನಾವಳಿ ಯಾವುದು ಎಂದು ಯಾರಿಗೆ ಗೊತ್ತಿರುತ್ತದೆ? ಗಿರಣಿಯವನಿಗೆ.

ಬ್ರೂಸ್‌ಪೇಟೆಯ ಕಡೆಯ ಒಂದು ಗಿರಣಿಯಲ್ಲಿ ಮೊದಲ ದಿನವೇ ಎಡವಿದೆ. ಬರಿಗೈಯಲ್ಲಿ ಹೋಗಿ, "ಇಲ್ಲಿ ಯಾವ ಖಾನಾವಳಿಯವರು ಬೀಸಿಸುತ್ತಾರೆ?" ಎಂದು ನೇರವಾಗಿ ಕೇಳಿದೆ. ಆತ ಗಿರಣಿಯ ಬೆಲ್ಟಿನ ಸದ್ದಿನ ನಡುವೆ ನನ್ನನ್ನು ಮೇಲಿಂದ ಕೆಳಗೆ ನೋಡಿ, "ನೀವು ಯಾವ ಇಲಾಖೆಯವರು?" ಎಂದ. ಮುಂದೆ ಒಂದು ಮಾತೂ ಹೊರಡಲಿಲ್ಲ. ಎರಡನೆಯ ಗಿರಣಿಯಲ್ಲೂ ಅದೇ ಕಥೆ.

ಆಗ ಎರಡು ಕಿಲೋ ಬಿಳಿಜೋಳ ಕೊಂಡೆ. ಅದನ್ನು ಹೊತ್ತು ಬೆಳಿಗ್ಗೆ ಹೋಗಿ ಸರದಿಯಲ್ಲಿ ನಿಂತೆ. ಬೀಸಲು ಆಗ ಕಿಲೋಗೆ ಆರು ರೂಪಾಯಿ ಇತ್ತೆಂದು ನೆನಪು. ಹಿಟ್ಟನ್ನು ಬಾಡಿಗೆ ಮನೆಯ ಪಕ್ಕದ ಅಕ್ಕನಿಗೆ ಕೊಡುತ್ತಿದ್ದೆ. ಸರದಿಯಲ್ಲಿ ನಿಂತವನಿಗೆ ಯಾರೂ ಅನುಮಾನದ ಪ್ರಶ್ನೆ ಹಾಕುವುದಿಲ್ಲ, ಕಣ್ಣೆದುರಿಗೇ ಎಲ್ಲ ಕಾಣುತ್ತದೆ. ಯಾರು ಡಬ್ಬಿಯಲ್ಲಿ ತರುತ್ತಾರೆ, ಯಾರು ಚೀಲದಲ್ಲಿ, ಯಾರು ಗೋಧಿ ಬೀಸಿದ ಕಲ್ಲಿಗೆ ಜೋಳ ಹಾಕಬೇಡ ಎಂದು ಜಗಳ ತೆಗೆಯುತ್ತಾರೆ, ಯಾರು ಹಿಟ್ಟು ಬೆರಳಲ್ಲಿ ಉಜ್ಜಿ ನೋಡಿ "ತರಿಯಾಯಿತು, ಇನ್ನೊಮ್ಮೆ ಹಾಕು" ಎನ್ನುತ್ತಾರೆ. ಆ ಜಗಳ ತೆಗೆಯುವವರೇ ನಮಗೆ ಬೇಕಾದವರು.

ಲೆಕ್ಕ ಹೀಗೆ. ಒಂದು ಕಿಲೋ ಹಿಟ್ಟಿಗೆ ಹದಿಮೂರು ಹದಿನಾಲ್ಕು ರೊಟ್ಟಿ. ಒಬ್ಬರು ಎರಡು ಮೂರು ತಿನ್ನುತ್ತಾರೆ. ದಿನಾ ಹತ್ತು ಕಿಲೋ ಬೀಸಿಸುವವರು ಐವತ್ತು ಜನಕ್ಕೆ ಬಡಿಸುತ್ತಾರೆ. ಐವತ್ತರಲ್ಲಿ ಮುಕ್ಕಾಲು ಜನ ದಿನಾ ಬರುವ ಗಿರಾಕಿಗಳೇ ಆಗಿರುತ್ತಾರೆ, ಅವರಿಗೆ ಕೆಟ್ಟದ್ದು ಬಡಿಸಿ ನಾಳೆ ಮುಖ ತೋರಿಸಲಾಗದು. ವಾರಕ್ಕೊಮ್ಮೆ ಅರವತ್ತು ಕಿಲೋ ಬೀಸಿಸಿ ಒಯ್ಯುವವರ ಕಡೆ ನಾನು ತಲೆ ಹಾಕುವುದಿಲ್ಲ. ದಿನದ ಜೋಳ ದಿನಾ ತರುವವರಲ್ಲೂ ನೋಡಬೇಕಾದದ್ದು ಕಾಳು. ಹಿಂಗಾರಿನ ಮಾಲ್ದಂಡಿ ಜೋಳದ ದುಂಡು, ಮುತ್ತಿನ ಹೊಳಪು ಕಣ್ಣಿಗೆ ಕಟ್ಟುತ್ತದೆ. ಮುಂಗಾರಿನ ಹೈಬ್ರಿಡ್ ಅಗ್ಗ, ಅದರ ರೊಟ್ಟಿ ಆರಿದ ಮೇಲೆ ಗೊತ್ತಾಗುತ್ತದೆ.

ಸರದಿಯಲ್ಲಿ ನಿಂತ ಮೇಲೆ ಗಿರಣಿಯವನಿಗೆ ನಾನು ಒಂದೇ ಒಂದು ಪ್ರಶ್ನೆ ಕೇಳುತ್ತೇನೆ. ಅದಕ್ಕೆ ಆತ ಕೊಡುವ ಉತ್ತರದಲ್ಲಿ ಅರ್ಧ ಕೆಲಸ ಮುಗಿಯುತ್ತದೆ. ಆ ಪ್ರಶ್ನೆಯನ್ನು ಇಲ್ಲಿ ಬರೆಯುವುದಿಲ್ಲ. ಎಲ್ಲರೂ ಕೇಳತೊಡಗಿದರೆ ಉತ್ತರ ಕೆಡುತ್ತದೆ.

ಎಂಟು ಗಿರಣಿ, ಸುಮಾರು ಎರಡು ತಿಂಗಳು. ಹನ್ನೊಂದು ಖಾನಾವಳಿಗಳು ಸಿಕ್ಕವು, ಏಳು ಉಳಿದವು. ಅರ್ಧಕ್ಕೆ ಬೋರ್ಡೇ ಇಲ್ಲ. ಒಂದಂತೂ ಮನೆಯ ಪಡಸಾಲೆ, ಹದಿನಾಲ್ಕು ಜನ ಕೂರಬಹುದು. ಎರಡು ಬಿಸಿರೊಟ್ಟಿ, ಪುಂಡಿಪಲ್ಯ ಅಥವಾ ಎಣ್ಣೆಗಾಯಿ, ಮೊಳಕೆ ಕಾಳು, ಶೇಂಗಾ ಹಿಂಡಿ (ಚಟ್ನಿಪುಡಿ), ಅನ್ನ, ಸಾರು, ಮಜ್ಜಿಗೆಗೆ 65 ರೂಪಾಯಿ. ಬಳ್ಳಾರಿ 1953ರವರೆಗೆ ಆಂಧ್ರದ ಜಿಲ್ಲೆಗಳ ಜೊತೆಗೆ ಮದ್ರಾಸಿಗೆ ಸೇರಿತ್ತಲ್ಲ, ತೆಲುಗಿನ ಪಪ್ಪು (ಬೇಳೆ) ಕೂಡ ಅನ್ನದ ಜೊತೆಗೆ ತಪ್ಪದೆ ಬರುತ್ತದೆ. ಆ ಮನೆಯ ಅಮ್ಮ ರೊಟ್ಟಿ ಹಿಡಿದು ಬಂದು, "ಇನ್ನೊಂದು ಹಾಕಲೇನಪ್ಪಾ?" ಎಂದು ಕೇಳುವುದಕ್ಕೆ ಬೆಲೆ ಕಟ್ಟಲಾಗದು. ಈಗ ನನ್ನ ತಿಂಗಳ ಖರ್ಚು ಮೂರೂವರೆ ಸಾವಿರದ ಆಚೀಚೆ. ಹುಳಿತೇಗು ಕಾಣದೆ ವರ್ಷವಾಯಿತು.

ನಡುವೆ ಬೇರೆ ಪ್ರಯೋಗಗಳನ್ನೂ ಮಾಡಿದೆ. ಒಗ್ಗರಣೆ ಮಂಡಕ್ಕಿ, ಮಿರ್ಚಿ ಬಜ್ಜಿಯ ಅಂಗಡಿಗಳನ್ನು ಅಳೆಯಲು ಮಿರ್ಚಿಯನ್ನು ಬಿಳಿ ಕಾಗದದ ಮೇಲೆ ಐದು ನಿಮಿಷ ಇಟ್ಟು ಎಣ್ಣೆಯ ಕಲೆಯ ಅಗಲ ನೋಡುತ್ತಿದ್ದೆ. ಕಲೆ ದೊಡ್ಡದಾದಷ್ಟೂ ಎಣ್ಣೆ ಹಳೆಯದು ಎಂದು ಎಣಿಸಿದ್ದೆ, ಹಾಗೇನೂ ಇರಲಿಲ್ಲ. ಬಾಣಲೆಯಿಂದ ಆಗತಾನೆ ತೆಗೆದದ್ದು ಯಾವುದಾದರೂ ಅಷ್ಟೇ ಕಲೆ ಬಿಡುತ್ತದೆ. ಮಿರ್ಚಿಗೆ ಮೂಗೇ ಸಾಕು. ರೊಟ್ಟಿ ತೂಗುವ ತಕ್ಕಡಿಯನ್ನೂ ಚೀಲದಲ್ಲಿಟ್ಟುಕೊಂಡು ತಿರುಗಿದೆ. ಅದರಿಂದ ಒಂದು ತಿಳಿಯಿತು: ಅಂದೇ ಬೀಸಿದ ಹಿಟ್ಟಿನ ರೊಟ್ಟಿ ತೆಳ್ಳಗಿರುತ್ತದೆ, ಏಕೆಂದರೆ ಜಿಗಿ ಇದ್ದರೆ ತೆಳ್ಳಗೆ ಬಡಿಯಲು ಬರುತ್ತದೆ. ದಪ್ಪ ರೊಟ್ಟಿಯನ್ನು ಔದಾರ್ಯ ಎಂದು ತಿಳಿಯಬೇಡಿ.

ಈ ವಿಧಾನ ಗಂಗಾವತಿಯಲ್ಲಿ ನಡೆಯಲಿಲ್ಲ. ತುಂಗಭದ್ರಾ ಕಾಲುವೆಯ ಭತ್ತದ ಸೀಮೆ ಅದು, ಮಧ್ಯಾಹ್ನದ ತಟ್ಟೆಯಲ್ಲಿ ಅನ್ನವೇ ಹೆಚ್ಚು. ರೊಟ್ಟಿಯನ್ನು ಹಲವು ಕಡೆ ಮನೆಗಳಲ್ಲಿ ಬಡಿಯುವ ಹೆಂಗಸರಿಂದ ಎಣಿಸಿ ತರಿಸುತ್ತಾರೆ. ಗಿರಣಿಯವನಿಗೆ ಖಾನಾವಳಿಯ ಹೆಸರೇ ಗೊತ್ತಿರುವುದಿಲ್ಲ. ಅಲ್ಲಿ ರೊಟ್ಟಿಯ ಬುಟ್ಟಿಯ ಹಿಂದೆ ನಡೆದೆ, ಎರಡು ಒಳ್ಳೆಯ ಜಾಗ ಸಿಕ್ಕವು. ಕೊಪ್ಪಳದಲ್ಲಿ ಗಿರಣಿಯ ವಿಧಾನವೇ ಚೆನ್ನಾಗಿ ನಡೆಯಿತು, ನಾಲ್ಕು ದಿನದಲ್ಲಿ ಮೂರು. ರಾಯಚೂರಿನಲ್ಲಿ ತೀನ್ ಕಂದೀಲ್ ವೃತ್ತದ ಸುತ್ತ ಈಗ ಶುರು ಮಾಡಿದ್ದೇನೆ.

ಹುಡುಕುವವರು ಹೊಸ ಜೋಳ ಬರುವ ಫೆಬ್ರುವರಿ, ಮಾರ್ಚಿನಲ್ಲಿ ಹುಡುಕಬೇಡಿ. ಆಗ ಎಲ್ಲರ ರೊಟ್ಟಿಯೂ ಚೆನ್ನಾಗಿರುತ್ತದೆ. ನಾನು ಪಟ್ಟಿಯನ್ನು ಅಂತಿಮ ಮಾಡುವುದು ದೀಪಾವಳಿ ಕಳೆದ ಮೇಲೆ. ಮಳೆಗಾಲ ದಾಟಿ, ಜೋಳ ಹಳತಾಗಿ, ಚೀಲದಲ್ಲಿ ಹುಳ ಬೀಳುವ ಹೊತ್ತದು. ಹನ್ನೊಂದರಲ್ಲಿ ನಾಲ್ಕು ಬಿದ್ದದ್ದು ಆ ತಿಂಗಳಲ್ಲೇ.