ತೊಂದರೆ ಶ್ವಾಸಕೋಶದಲ್ಲಿರಲಿಲ್ಲ, ಗಂಟಲಲ್ಲಿತ್ತು: ನನ್ನ ಅನುಭವ

ಓಡುವಾಗ ಉಸಿರು ಸಿಗದಿದ್ದರೆ ಆಸ್ತಮಾ, ಇಲ್ಲವಾದರೆ ಫಿಟ್ನೆಸ್ ಸಾಲದು. ನನ್ನ ಸುತ್ತ ಎಲ್ಲರೂ ಹೇಳಿದ್ದು ಇದನ್ನೇ. ನನ್ನ ಕಥೆ ಎರಡೂ ಅಲ್ಲ ಅಂತ ಸಾಬೀತಾಗಲು ವರ್ಷಕ್ಕಿಂತ ಜಾಸ್ತಿ ಹಿಡಿಯಿತು.

ನಾನು ಓಡುವುದು 800 ಮೀಟರ್. ಜೋರು ಇಂಟರ್ವಲ್‌ಗಳ (ನಡುನಡುವೆ ವಿರಾಮ ಕೊಟ್ಟು ಮಾಡುವ ವೇಗದ ಓಟ) ಕೊನೆಗೆ ಗಂಟಲು ಬಿಗಿಯುತ್ತಿತ್ತು. ಉಸಿರು ಒಳಗೆ ಎಳೆಯುವಾಗ ಕರ್ಕಶ ಶಬ್ದ. ನಿಂತರೆ ಎರಡು ಮೂರು ನಿಮಿಷದಲ್ಲಿ ಮಾಯ. ವ್ಯಾಯಾಮದ ಆಸ್ತಮಾ ಹಾಗಲ್ಲ ಅಲ್ವಾ? ಅದು ಸಾಮಾನ್ಯವಾಗಿ ಜೋರಾಗುವುದು ನಿಂತ ಮೇಲೆ, 5ರಿಂದ 15 ನಿಮಿಷದಲ್ಲಿ. ಶಬ್ದವೂ ಹೆಚ್ಚಾಗಿ ಉಸಿರು ಬಿಡುವಾಗ.

ಆದರೂ ಶ್ವಾಸನಾಳ ಹಿಗ್ಗಿಸುವ ಆಸ್ತಮಾ ಇನ್ಹೇಲರ್ ಸಾಲ್ಬುಟಮಾಲ್ ಸಿಕ್ಕಿತು. ಓಟಕ್ಕೆ 15 ನಿಮಿಷ ಮುಂಚೆ ಎರಡು ಪಫ್, ಇಡೀ ಸೀಸನ್. ಕೈ ನಡುಗಿತು, ಉಸಿರು ಸುಧಾರಿಸಲಿಲ್ಲ. ಆಮೇಲೆ ಸ್ಟೀರಾಯ್ಡ್ ಇನ್ಹೇಲರ್. ಅದೂ ವ್ಯರ್ಥ. ಸ್ಪೈರೋಮೆಟ್ರಿ (ಶ್ವಾಸಕೋಶದ ಊದುವ ಪರೀಕ್ಷೆ) ನಾರ್ಮಲ್, ಫೆರಿಟಿನ್ (ದೇಹದ ಕಬ್ಬಿಣದ ಸಂಗ್ರಹ) ಸರಿ. ಹೊಸ ಸ್ಪೈಕ್ಸ್‌ಗೆ (ಮೊಳೆ ಇರುವ ಓಟದ ಶೂ) ಕೂಡಿಟ್ಟಿದ್ದ ದುಡ್ಡೆಲ್ಲ ಇದಕ್ಕೇ ಕರಗಿತು.

ಕೊನೆಗೆ ಹಟ ಹಿಡಿದು ಇನ್ನೊಂದು ಪರೀಕ್ಷೆ ಮಾಡಿಸಿದೆ. ಮೂಗಿನಿಂದ ಕ್ಯಾಮೆರಾ ಇಳಿಸಿ, ಟ್ರೆಡ್‌ಮಿಲ್ ಮೇಲೆ ಓಡುತ್ತಿರುವಾಗಲೇ ನೋಡುವುದು. ವೇಗ ಏರಿದಂತೆ ಧ್ವನಿಪೆಟ್ಟಿಗೆ ಕಿರಿದಾಗುತ್ತಾ ಹೋದದ್ದು ಪರದೆ ಮೇಲೆ ಸ್ಪಷ್ಟವಾಗಿ ಕಂಡಿತು. ಸುಮ್ನೆ ಕೂತಾಗ ಅದು ಪೂರ್ತಿ ಸರಿಯಾಗಿತ್ತು. ದುಬಾರಿ ಪರೀಕ್ಷೆ. ಆದರೆ ಅಷ್ಟೂ ಖರ್ಚಿನಲ್ಲಿ ಕೆಲಸಕ್ಕೆ ಬಂದದ್ದು ಇದೇ.

ಮುಂದೆ ಹೋದದ್ದು ಧ್ವನಿಪೆಟ್ಟಿಗೆಯ ಹತೋಟಿ ಕಲಿಸುವ ಸ್ಪೀಚ್ ಥೆರಪಿಸ್ಟ್ ಹತ್ತಿರ. ಗೆಳೆಯರು ನಂಬಲಿಲ್ಲ. ಅಲ್ಲಿ ಕಲಿತದ್ದು ತುಟಿ ಕಿರಿದು ಮಾಡಿ ಉಸಿರು ಎಳೆಯುವುದು, ಭುಜ ಸಡಿಲ ಬಿಡುವುದು, ಹೊಟ್ಟೆಯಿಂದ ಉಸಿರಾಡುವುದು. ಮಲಗಿ ಕಲಿತದ್ದು ಟ್ರ್ಯಾಕ್ ಮೇಲೆ ಕೈ ಕೊಡುತ್ತದೆ. ಹಾಗಾಗಿ ನಡಿಗೆ, ಜಾಗಿಂಗ್, ಆಮೇಲೆ ರೇಸ್ ವೇಗ, ಹೀಗೆ ಒಂದೊಂದೇ ಮೆಟ್ಟಿಲು ಏರಿದೆ. ಬಿಗಿ ಶುರುವಾಗುವ ಮೊದಲೇ ಉಸಿರಿನ ರೀತಿ ಬದಲಿಸಬೇಕು. ನಾನು ಎಷ್ಟನೇ ಮೀಟರ್‌ಗೆ ಬದಲಿಸುತ್ತೇನೆ, ನಾಲಿಗೆ ಎಲ್ಲಿಡುತ್ತೇನೆ ಅನ್ನುವುದು ನನ್ನಲ್ಲೇ ಇರಲಿ. ಎದುರಾಳಿಗಳೂ ಓದುತ್ತಾರೆ!

ನಡುವೆ ಮೂಗಿನಲ್ಲಷ್ಟೇ ಉಸಿರಾಡಿ ಓಡಿ ನೋಡಿದೆ. ನಿಧಾನ ಓಟಕ್ಕೆ ಹಿತ, ಜೋರು ಓಟಕ್ಕೆ ಉಪಯೋಗವಿಲ್ಲ. ಉಸಿರಿಗೆ ತಡೆ ಒಡ್ಡುವ ಪುಟ್ಟ ಸಾಧನವನ್ನೂ ಕೆಲವು ವಾರ ಬಳಸಿದೆ. ನನಗೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ.

ಮೂರು ನಾಲ್ಕು ತಿಂಗಳಲ್ಲಿ ಶಬ್ದ ನಿಂತಿತು. 800 ಮೀಟರ್‌ನಲ್ಲಿ ಸುಮಾರು ಮೂರು ಸೆಕೆಂಡ್ ಇಳಿಯಿತು, ಹೆಮ್ಮೆಯಿಂದಲೇ ಹೇಳುತ್ತೇನೆ. ಇನ್ಹೇಲರ್ ಮಾತ್ರ ನಾನಾಗಿ ಬಿಡಲಿಲ್ಲ, ವರದಿ ನೋಡಿ ಡಾಕ್ಟರೇ ನಿಲ್ಲಿಸಿದರು. ಕೆಲವರಿಗೆ ಆಸ್ತಮಾ ಮತ್ತು ಗಂಟಲಿನ ತೊಂದರೆ ಎರಡೂ ಒಟ್ಟಿಗೆ ಇರುತ್ತವೆ. ಅಂಥವರು ಔಷಧಿ ಬಿಟ್ಟರೆ ಅಪಾಯ.