ಚೌಕಿಯ ಗಡಿಯಾರ

ಆಟ ನೋಡಿ ನೋಡಿ ಹಾಳಾದವನು ಅಂತ ಮನೆಯಲ್ಲಿ ನನಗೊಂದು ಹೆಸರಿತ್ತು. ನಮ್ಮ ಕರಾವಳಿಯಲ್ಲಿ ಆಟ ಅಂದರೆ ಯಕ್ಷಗಾನ. ಎರಡನೇ ಕ್ಲಾಸಿನಲ್ಲಿದ್ದಾಗ ಸೋದರಮಾವ ಹೆಗಲ ಮೇಲೆ ಕೂರಿಸಿಕೊಂಡು ಗದ್ದೆಗೆ ಕರೆದುಕೊಂಡು ಹೋದರು. ಅಲ್ಲಿ ಹಿಡಿದ ಹುಚ್ಚು ಐವತ್ತು ದಾಟಿದ ಮೇಲೂ ಬಿಟ್ಟಿಲ್ಲ. ಯಾವ ಪದ್ಯಕ್ಕೆ ಯಾವ ಕಲಾವಿದರು ಎಷ್ಟು ಹೊತ್ತು ಅರ್ಥ, ಅಂದರೆ ಆ ಪದ್ಯದ ಮೇಲಿನ ಮಾತು, ಹೇಳುತ್ತಿದ್ದರು, ಯಾವ ವರ್ಷ ಯಾರು ಯಾವ ಮೇಳ (ಆಟದ ತಂಡ) ಬಿಟ್ಟು ಯಾವ ಮೇಳಕ್ಕೆ ಹಾರಿದರು, ಎಲ್ಲ ಬಾಯಿಪಾಠ. ಯಕ್ಷಗಾನದ ಎರಡು ಶೈಲಿಗಳಲ್ಲಿ ತೆಂಕು ಹೆಚ್ಚೋ ಬಡಗು ಹೆಚ್ಚೋ ಅಂತ ಜಗಳ ಮಾಡಿ ಮದುವೆ ಮನೆಯ ಊಟ ಬಿಟ್ಟು ಎದ್ದವನು ನಾನು.

ಇಷ್ಟೆಲ್ಲ ಗೊತ್ತಿರುವವನಿಗೆ ಮೇಳದ ಬಗ್ಗೆ ಒಂದು ನೀಳ್ಗತೆ ಬರೆಯುವುದು ಎಷ್ಟರ ಕೆಲಸ? ಒಂದು ಮಳೆಗಾಲ ಸಾಕು ಅಂದುಕೊಂಡೆ. ಮೂರು ಮಳೆಗಾಲ ಹಿಡಿಯಿತು.

ಕಥೆಯ ಬೀಜ ಸಿಕ್ಕಿದ್ದು ಕರ್ಣಪರ್ವದಲ್ಲಿ. ಯಕ್ಷಗಾನದ ಪ್ರಸಂಗ ಪುಸ್ತಕದಲ್ಲಿ ಇರುವುದು ಪದ್ಯಗಳು ಮಾತ್ರ. ಭಾಗವತರು ಪದ್ಯ ಹಾಡುತ್ತಾರೆ, ಮಾತನ್ನು ವೇಷಧಾರಿ ನಿಂತ ಕಾಲಲ್ಲೇ ಕಟ್ಟಬೇಕು. ಹಾಗಾಗಿ ಇಬ್ಬರು ಕಲಾವಿದರ ನಡುವೆ ನಿಜವಾದ ಮುನಿಸಿದ್ದರೆ ಅದು ಪಾತ್ರದ ಬಾಯಲ್ಲಿ ಹೊರಗೆ ಬರಬಹುದು. ಕರ್ಣನಿಗೆ ಶಲ್ಯ ಸಾರಥಿ. ಒಬ್ಬ ಅರಸ ಇನ್ನೊಬ್ಬನ ಕುದುರೆ ಹೊಡೆಯಬೇಕಾದ ಅವಮಾನ. ಕೊನೆಗೆ ಬಾಣದ ವಿಷಯದಲ್ಲಿ ಶಲ್ಯ ಹೇಳಿದ್ದನ್ನು ಕರ್ಣ ಕೇಳುವುದಿಲ್ಲ. ಶಲ್ಯ ರಥ ಇಳಿದು ಹೋಗುತ್ತಾನೆ. ಹೀಗೆ ಇಳಿದವನು ಸೀದಾ ಮೇಳವನ್ನೇ ಬಿಟ್ಟು ಹೋದರೆ? ಈ ಒಂದು ಪ್ರಶ್ನೆಗೆ ನನಗೆ ಎರಡು ರಾತ್ರಿ ನಿದ್ದೆ ಬರಲಿಲ್ಲ.

ನನ್ನ ಕಥೆಯಲ್ಲಿ ಶಲ್ಯನ ವೇಷ ಮಾಡುವವನು ಹಿರಿಯ ಕಲಾವಿದ, ವರ್ಷಗಟ್ಟಲೆ ತಾನೇ ಕರ್ಣ ಮಾಡಿದವನು. ಈಗಿನ ಕರ್ಣ ಅವನ ಹೆಂಡತಿಯ ತಮ್ಮ, ಅವನೇ ಹೆಜ್ಜೆ ಕಲಿಸಿದ ಹುಡುಗ. ಇಬ್ಬರೂ ಒಬ್ಬರನ್ನೊಬ್ಬರು ‘ಭಾವ’ ಅಂತಲೇ ಕರೆಯುವವರು. ಇಷ್ಟನ್ನು ಒಂದೇ ಸಂಜೆಯಲ್ಲಿ ಬರೆದಿಟ್ಟೆ. ಕಾಲ 1970ರ ದಶಕ, ಟಿಕೆಟ್ ಇಟ್ಟು ಆಡುವ ಡೇರೆ ಮೇಳ. ನಾನು ಹುಡುಗನಾಗಿ ಕಂಡ ಕಾಲ ಅದೇ ಅಲ್ವಾ, ತಪ್ಪುವುದಾದರೂ ಹೇಗೆ ಅಂತ ಧೈರ್ಯ.

ಹಳೇ ಕ್ಯಾಲೆಂಡರಿನ ಹಾಳೆ ತಿರುಗಿಸಿ ಮಧ್ಯೆ ಒಂದು ಗೆರೆ ಎಳೆದೆ. ಎಡಗಡೆ ರಂಗಸ್ಥಳ, ಬಲಗಡೆ ಚೌಕಿ. ಚೌಕಿ ಅಂದರೆ ಬಣ್ಣ ಹಚ್ಚುವ, ವೇಷ ಕಟ್ಟುವ ಜಾಗ. ಮೇಲಿಂದ ಕೆಳಗೆ ಗಂಟೆಗಳು, ಸಂಜೆ ಆರರಿಂದ ಬೆಳಿಗ್ಗೆ ಆರರವರೆಗೆ. ಎಡಗಡೆಯ ಸಾಲು ಅರ್ಧ ಗಂಟೆಯಲ್ಲಿ ತುಂಬಿತು. ಆಟ ಇದೆ ಅಂತ ಸಾರುವ ಕೇಳಿ ಬಡಿಯುವುದು, ಮೊದಲಿಗೆ ಬರುವ ಕೋಡಂಗಿ, ಬಾಲಗೋಪಾಲ, ಪೀಠಿಕೆ ಸ್ತ್ರೀವೇಷ, ನಡುರಾತ್ರಿ ದಾಟಿದ ಮೇಲೆ ಹಿರಿಯ ಭಾಗವತರು ಜಾಗಟೆ ಹಿಡಿಯುವುದು, ಬೆಳಗಿನ ಜಾವದ ಯುದ್ಧ, ಆಟ ಮುಗಿಸುವ ಮಂಗಳ. ಕಣ್ಣು ಮುಚ್ಚಿ ಬರೆದೆ.

ಬಲಗಡೆಯ ಸಾಲಿನಲ್ಲಿ ‘ಚೌಕಿ ಪೂಜೆ’ ಅಂತ ಬರೆದು ಪೆನ್ನು ನಿಂತಿತು.

ನಲವತ್ತು ವರ್ಷ ನೋಡಿದ್ದೆಲ್ಲ ಎದುರಿನಿಂದ. ಚೌಕಿಗೆ ಹೋಗಿರಲಿಲ್ಲ ಅಂತಲ್ಲ, ಬೇಕಾದಷ್ಟು ಸಲ ಹೋಗಿದ್ದೇನೆ. ಮೆಚ್ಚಿದ ವೇಷಧಾರಿ ಕನ್ನಡಿ ಹಿಡಿದು ಕಣ್ಣು ತೀಡುವುದನ್ನು ಬಾಯಿ ಬಿಟ್ಟು ನೋಡಿದ್ದೇನೆ. ಆದರೆ ಕರ್ಣನ ವೇಷದವರು ಊಟ ಮಾಡುವುದು ಎಷ್ಟು ಗಂಟೆಗೆ? ತಮ್ಮ ಪ್ರವೇಶಕ್ಕೆ ಮೊದಲು ಎಷ್ಟು ಹೊತ್ತು ಮಲಗುತ್ತಾರೆ? ಎಬ್ಬಿಸುವವರು ಯಾರು? ಹಗಲು ಎಲ್ಲಿರುತ್ತಾರೆ? ಒಂದೂ ಗೊತ್ತಿರಲಿಲ್ಲ. ಅಭಿಮಾನಿಯ ನೆನಪಿನಲ್ಲಿ ಇರುವುದು ಬರೀ ಶಿಳ್ಳೆ ಬಿದ್ದ ಜಾಗಗಳು. ಕಥೆಗೆ ಬೇಕಾದ್ದು ಶಿಳ್ಳೆ ಬೀಳದ ಉಳಿದ ಹತ್ತು ಗಂಟೆ.

ಮೊದಲು ಕಾಲ ಗಟ್ಟಿ ಮಾಡಿಕೊಳ್ಳಲು ಹೊರಟೆ. ನನ್ನ ಹತ್ತಿರ ಒಂದು ಬಿಸ್ಕೆಟ್ ಡಬ್ಬಿ ತುಂಬ ಹಳೇ ಕರಪತ್ರಗಳಿವೆ. ಆಗ ಜೀಪಿನಲ್ಲಿ ಮೈಕ್ ಕಟ್ಟಿಕೊಂಡು ಎಸೆದು ಹೋಗುತ್ತಿದ್ದರು, ನಾವು ಹಿಂದೆ ಓಡುತ್ತಿದ್ದೆವು. ಮಜಾ ಅಂದರೆ ಅವುಗಳಲ್ಲಿ ತಾರೀಕು ಇದೆ, ವಾರ ಇದೆ, ಇಸವಿ ಇಲ್ಲ. ಇವತ್ತಿನ ಆಟಕ್ಕೆ ಇಸವಿ ಯಾರಿಗೆ ಬೇಕು! ಒಂದರಲ್ಲಿ ‘18-2ನೇ ಶನಿವಾರ’ ಅಂತಿತ್ತು. ಲೆಕ್ಕ ಹಾಕಿದರೆ ಫೆಬ್ರವರಿ 18 ಶನಿವಾರ ಬಂದದ್ದು 1967, 1978, 1984, 1989ರಲ್ಲಿ. ಕೆಳಗೆ ಪ್ರೆಸ್ಸಿನ ವಿಳಾಸದ ಕೊನೆಗೆ ಆರಂಕಿಯ ಪಿನ್‌ಕೋಡ್ ಇತ್ತು. ಪಿನ್‌ಕೋಡ್ ಬಂದದ್ದು 1972ರಲ್ಲಿ. ಅಲ್ಲಿಗೆ 1967 ಹೋಯಿತು. ಹಿಂದುಗಡೆ ತಿರುಗಿಸಿದರೆ ಪೆನ್ಸಿಲಿನಲ್ಲಿ ಹದಿಮೂರರ ಮಗ್ಗಿ, ನನ್ನದೇ ಕೋಳಿ ಕಾಲಿನ ಅಕ್ಷರ. 1984ರಲ್ಲಿ ನಾನು ಮಗ್ಗಿ ಬರೆಯುವ ವಯಸ್ಸು ದಾಟಿದ್ದೆ. ಹಾಗಾಗಿ 1978. ಕಥೆಯ ಇಸವಿಯೂ ಅದೇ ಇರಲಿ ಅಂತ ಅವತ್ತೇ ತೀರ್ಮಾನ ಮಾಡಿದೆ.

ಇಸವಿ ಸಿಕ್ಕಿದ ಮೇಲೆ ನನ್ನ ಮೊದಲ ಕರಡಿನ ತಪ್ಪುಗಳು ಒಂದೊಂದಾಗಿ ಹಲ್ಲು ಕಿರಿದವು. ‘ಉಡುಪಿ ಜಿಲ್ಲೆಯ ಒಂದು ಹಳ್ಳಿ’ ಅಂತ ಶುರು ಮಾಡಿದ್ದೆ. ಉಡುಪಿ ಬೇರೆ ಜಿಲ್ಲೆಯಾದದ್ದು 1997ರಲ್ಲಿ. ಕಥೆಯಲ್ಲಿ ಹತ್ತು ವರ್ಷ ಹಿಂದಿನ ನೆನಪೊಂದರಲ್ಲಿ ಶಲ್ಯನ ಹೆಂಡತಿ ಮಂಗಳೂರು ಆಕಾಶವಾಣಿಯಲ್ಲಿ ತಾಳಮದ್ದಳೆ (ವೇಷ, ಕುಣಿತ ಇಲ್ಲದೆ ಕೂತು ಆಡುವ ಯಕ್ಷಗಾನ) ಕೇಳುತ್ತಿದ್ದಳು. ಆ ಕೇಂದ್ರ ಶುರುವಾದದ್ದೇ 1976ರಲ್ಲಿ. ಎಲ್ಲಕ್ಕಿಂತ ನಾಚಿಕೆಯ ತಪ್ಪು ಬೇರೆ ಇತ್ತು. ಆಟ ಶಿವರಾತ್ರಿಯ ದಿನ ಅಂತ ಬರೆದು, ಶಲ್ಯ ಗದ್ದೆ ಬದುವಿನಲ್ಲಿ ನಡೆದು ಹೋಗುವಾಗ ಹಾಲು ಚೆಲ್ಲಿದಂಥ ಬೆಳದಿಂಗಳು ಸುರಿಸಿದ್ದೆ. ಶಿವರಾತ್ರಿಯ ಮಾರನೆಯ ದಿನ ಅಮಾವಾಸ್ಯೆ! ಓದಿದ ನನ್ನ ಅಕ್ಕ ಏನೂ ಹೇಳಲಿಲ್ಲ, ಗೋಡೆಯ ಮೇಲಿದ್ದ ಪಂಚಾಂಗ ತಂದು ನನ್ನ ಮುಂದೆ ಇಟ್ಟು ಒಳಗೆ ಹೋದಳು.

ಕೊನೆಗೆ ಆಟವನ್ನು ಶಿವರಾತ್ರಿಗೆ ಎರಡು ದಿನ ಹಿಂದಕ್ಕೆ ತಳ್ಳಿದೆ. ಬಹುಳ ದ್ವಾದಶಿ. ಆಗ ರಾತ್ರಿ ಪೂರ್ತಿ ಕತ್ತಲೆ, ಬೆಳಗಿನ ಜಾವ ನಾಲ್ಕು ದಾಟಿದ ಮೇಲೆ ಪೂರ್ವದಲ್ಲಿ ಕುಡುಗೋಲಿನಂಥ ಚಂದ್ರ ಏಳುತ್ತಾನೆ. ನನ್ನ ಬೆಳದಿಂಗಳಿಗಿಂತ ಇದೇ ಚೆನ್ನಾಗಿತ್ತು. ಓಡಿ ಹೋಗುವವನಿಗೆ ಕತ್ತಲೆಯೂ ಬೇಕು, ದಾರಿ ಕಾಣುವಷ್ಟು ಬೆಳಕೂ ಬೇಕು.

ಕ್ಯಾಸೆಟ್ಟುಗಳಿಂದಲೂ ಸಹಾಯವಾಯಿತು. 1980ರ ದಶಕದಲ್ಲಿ ನಮ್ಮಂಥವರು ಟೇಪ್ ರೆಕಾರ್ಡರ್ ಹೊತ್ತು ರಂಗಸ್ಥಳದ ಮುಂದೆ ಕೂರುತ್ತಿದ್ದೆವು. ತೊಂಬತ್ತು ನಿಮಿಷದ ಕ್ಯಾಸೆಟ್ಟು, ನಲವತ್ತೈದಕ್ಕೆ ತಿರುಗಿಸಬೇಕು, ಸರಿಯಾಗಿ ಒಳ್ಳೇ ಮಾತಿನ ಹೊತ್ತಿಗೇ ಅದು ಮುಗಿಯುತ್ತಿತ್ತು. ಆಗ ಮಧ್ಯೆ ಕೆಮ್ಮಿದವರಿಗೆಲ್ಲ ಶಾಪ ಹಾಕಿದ್ದೆ. ಈಗ ಆ ಕೆಮ್ಮು, ಮಗುವಿನ ಅಳು, ನೆಲಗಡಲೆಯವನ ಕೂಗು ಇವನ್ನೇ ಕಿವಿಗೊಟ್ಟು ಕೇಳಿದೆ. ಅರ್ಥಗಾರಿಕೆ ಬಾಯಿಪಾಠ ಇತ್ತಲ್ಲ.

ಚೌಕಿಯ ಸಾಲು ತುಂಬಿದ್ದು ಮಾತ್ರ ಒಬ್ಬ ನಿವೃತ್ತ ಕಲಾವಿದರಿಂದ. ಪರಿಚಯದವರ ಮೂಲಕ ಹೋದೆ. ಮೊದಲ ದಿನ ನಾನು ಮಾಡಿದ್ದು ಅಭಿಮಾನಿಗಳು ಮಾಡುವ ತಪ್ಪನ್ನೇ. ಅವರ ಹಳೇ ವೇಷಗಳನ್ನು ಹೊಗಳುತ್ತಾ ಎರಡು ಗಂಟೆ ನಾನೇ ಮಾತಾಡಿದೆ. ಅವರು ಚಾ ಕುಡಿಸಿ ಕಳಿಸಿದರು. ಎರಡನೇ ಸಲ ಬಾಯಿ ಮುಚ್ಚಿಕೊಂಡು, ಕ್ಯಾಲೆಂಡರ್ ಹಾಳೆ ಬಿಡಿಸಿ, ಖಾಲಿ ಸಾಲು ತೋರಿಸಿದೆ. ಅವರಿಗೆ ನಗು ಬಂತು. “ಇಷ್ಟು ವರ್ಷ ಎಂತ ನೋಡಿದ್ದು ಮಾರಾಯ್ರೆ ನೀವು?” ಅಂದರು.

ನಾನು ಡೇರೆಯೊಳಗೆ ಗ್ಯಾಸ್‌ಲೈಟ್ ಉರಿಸಿದ್ದೆ, ಚಂದ ಕಾಣುತ್ತದೆ ಅಂತ. “ನಮ್ಮ ಮೇಳಕ್ಕೆ ಜನರೇಟರ್ ಇತ್ತು” ಅಂತ ಒಂದೇ ಮಾತಿನಲ್ಲಿ ಆರಿಸಿದರು. ಇಬ್ಬರ ಜಗಳವನ್ನು ಊರಿಗೆ ಗೊತ್ತಾಗದ ಗುಟ್ಟು ಅಂತ ಬರೆದಿದ್ದೆ. ಅವರು ತಲೆ ಆಡಿಸಿದರು. ದೀಪಾವಳಿಯ ನಂತರ ಹೊರಟ ಮೇಳ ಮಳೆ ಹಿಡಿಯುವವರೆಗೆ ತಿರುಗಾಟದಲ್ಲಿರುತ್ತದೆ. ಒಂದೇ ವಾಹನ, ಒಂದೇ ಬಿಡಾರ, ಒಂದೇ ಅಡುಗೆ. ಇಬ್ಬರು ಮಾತು ಬಿಟ್ಟರೆ ಅನ್ನ ಬಡಿಸುವವನಿಗೂ ಅವತ್ತೇ ಗೊತ್ತಾಗುತ್ತದೆ. “ಗೊತ್ತಿಲ್ಲದ್ದು ನಿಮಗೆ ಮಾತ್ರ, ಎದುರು ಕೂತವರಿಗೆ.”

ಕಥೆ ಅಲ್ಲೇ ಮಗುಚಿ ಬಿತ್ತು. ಗುಟ್ಟು ಬಯಲಾಗುವ ಕಥೆ ಹೋಗಿ, ಮೇಳಕ್ಕೆಲ್ಲ ಗೊತ್ತಿದ್ದು ನೋಡುವ ಸಾವಿರ ಜನರಿಗೆ ಮಾತ್ರ ಗೊತ್ತಿಲ್ಲದ ಕಥೆಯಾಯಿತು. ಸಾವಿರ ಜನ ಚಪ್ಪಾಳೆ ಹೊಡೆಯುತ್ತಿದ್ದಾರೆ, ಮದ್ದಳೆಯವರು ತಲೆ ತಗ್ಗಿಸಿ ಕೂತಿದ್ದಾರೆ.

ಜಗಳದ ಕಾರಣವೂ ಬದಲಾಯಿತು. ನಾನು ದೊಡ್ಡ ದೊಡ್ಡ ಕಾರಣ ಇಟ್ಟಿದ್ದೆ. ಕಲೆ, ಕೀರ್ತಿ, ಗುರುದ್ರೋಹ. “ನಿಮ್ಮ ಕಾಲದಲ್ಲಿ ಜಗಳ ಎಂತಕ್ಕೆ ಆಗುತ್ತಿತ್ತು?” ಅಂತ ಕೇಳಿದೆ. ಸ್ವಲ್ಪ ಹೊತ್ತು ಯೋಚಿಸಿ ಹೇಳಿದರು: “ಬಿಡಾರದಲ್ಲಿ ಮಲಗುವ ಜಾಗಕ್ಕೆ. ಮತ್ತೆ ಸ್ನಾನದ ನೀರಿಗೆ.” ರಾತ್ರಿಯಿಡೀ ಕುಣಿದು ಬಂದವನಿಗೆ ಬಣ್ಣ ತೆಗೆದು ಮೀಯಲು ಬಿಸಿ ನೀರು ಬೇಕು. ಯಾರು ಮೊದಲು ಅನ್ನುವುದರಲ್ಲಿ ಹಿರಿತನವೆಲ್ಲ ಇದೆ.

ಅವತ್ತು ಮನೆಗೆ ಬಂದವನೇ ಮೂರು ತಿಂಗಳಿಂದ ಕಗ್ಗಂಟಾಗಿ ಕೂತಿದ್ದ ಸಂಭಾಷಣೆ ಬರೆದೆ. ಮೊದಲಿನದ್ದರಲ್ಲಿ ಶಲ್ಯ ಸ್ವಾಭಿಮಾನದ ಬಗ್ಗೆ ಒಂದು ಪುಟ ಭಾಷಣ ಮಾಡುತ್ತಿದ್ದ. ಈಗ ಇಷ್ಟೇ:

“ಬೆಳಗ್ಗೆ ಎದ್ದು ಕುದುರೆಗೆ ನೀರು ಉಳಿಸದವನು, ಮಧ್ಯಾಹ್ನ ರಥ ಓಡಲಿಲ್ಲ ಅಂತ ಸಾರಥಿಯನ್ನು ಬೈಯಬಾರದು ಅಂಗರಾಜ.”

“ನೀರಿನ ಲೆಕ್ಕ ಇಡುವವರು ರಥ ಹತ್ತಬಾರದಿತ್ತು ಮದ್ರರಾಜ, ಬಾವಿಕಟ್ಟೆಯಲ್ಲೇ ಇರಬೇಕಿತ್ತು.”

ಸಭೆಗೆ ಅದು ಕುರುಕ್ಷೇತ್ರದ ಕುದುರೆ. ಚೌಕಿಗೆ ಅದು ಬೆಳಗ್ಗಿನ ಹಂಡೆ.

ಇನ್ನು ಉಳಿದದ್ದು ಓಡಿಹೋಗುವ ಲೆಕ್ಕ. ಇದನ್ನು ಬರೆಯುವಾಗ ಕೊಲೆ ಕಥೆ ಬರೆಯುವವರ ಸುಖ ಏನು ಅಂತ ಗೊತ್ತಾಯಿತು. ಶಲ್ಯ ರಥ ಇಳಿದ ಮೇಲೆ ಪ್ರಸಂಗದಲ್ಲಿ ಅವನಿಗೆ ಕೆಲಸವಿಲ್ಲ. ಕರ್ಣ ಒಂಟಿ, ಗಾಲಿ ಹೂಳಬೇಕು, ಸಾಯಬೇಕು, ಒಂದು ಗಂಟೆ ಖಂಡಿತ ಇದೆ. ಮಂಗಳದವರೆಗೆ ಶಲ್ಯನನ್ನು ಯಾರೂ ಹುಡುಕುವುದಿಲ್ಲ. ನಾಲ್ಕೂವರೆಗೆ ಇಳಿದ ಅಂತ ಇಟ್ಟುಕೊಂಡೆ. ಕಟ್ಟಿದ ವೇಷ ಬಿಚ್ಚಬೇಕು, ಅದು ಮೇಳದ ಸೊತ್ತು, ಅಲ್ಲೇ ಬಿಡಬೇಕು. ತೆಂಗಿನೆಣ್ಣೆ ಹಚ್ಚಿ ಬಣ್ಣ ಒರೆಸಬೇಕು. ಅವಸರದಲ್ಲಿ ಎಷ್ಟು ಹೊತ್ತು? “ಮುಕ್ಕಾಲು ಗಂಟೆ. ಆದರೂ ಕಿವಿಯ ಹಿಂದಿನ ಬಣ್ಣ ಹೋಗುವುದಿಲ್ಲ” ಅಂದರು ಅವರು.

ಕಿವಿಯ ಹಿಂದಿನ ಬಣ್ಣ! ಅದನ್ನು ಚೀಟಿಯಲ್ಲಿ ಬರೆದುಕೊಂಡೆ. ಯಾಕೆ ಬೇಕಾಗುತ್ತದೆ ಅಂತ ಆಗ ಗೊತ್ತಿರಲಿಲ್ಲ.

ಬಸ್ಸಿನ ವಿಷಯ ಕೇಳಲು ನಮ್ಮೂರಿನ ಹಳೇ ಕಂಡಕ್ಟರ್ ಒಬ್ಬರ ಹತ್ತಿರ ಹೋದೆ. ಆಗ ಒಳಗಿನ ಊರುಗಳಲ್ಲಿ ಮೊದಲ ಬಸ್ಸು ಅಂದರೆ ರಾತ್ರಿ ಹಾಲ್ಟ್ ಮಾಡಿದ ಬಸ್ಸೇ. ಡ್ರೈವರ್ ಕಂಡಕ್ಟರ್ ಬಸ್ಸಿನಲ್ಲೇ ಮಲಗಿ ಬೆಳಿಗ್ಗೆ ಐದು ಮುಕ್ಕಾಲಿಗೆ ಹೊರಡುತ್ತಿದ್ದರಂತೆ. “ಊರಲ್ಲಿ ಆಟ ಇದ್ದರೆ?” ಅಂತ ಸುಮ್ನೆ ಕೇಳಿದೆ. “ಆಟ ಇದ್ದರೆ ಯಾರು ಮಲಗುತ್ತಾರೆ? ನಾವೂ ಡೇರೆಯೊಳಗೇ!”

ಸಾಕ್ಷಿ ಸಿಕ್ಕಿಬಿಟ್ಟ. ರಾತ್ರಿಯೆಲ್ಲ ಶಲ್ಯನ ಮಾತಿಗೆ ತಲೆದೂಗಿದ ಕಂಡಕ್ಟರ್ ಬೆಳಿಗ್ಗೆ ಟಿಕೆಟ್ ಹರಿಯುವಾಗ ಎದುರಿನವನ ಕಿವಿಯ ಹಿಂದೆ ಬಣ್ಣ ನೋಡುತ್ತಾನೆ. ಏನೂ ಕೇಳುವುದಿಲ್ಲ. ಚಿಲ್ಲರೆ ವಾಪಸ್ ಕೊಡುವಾಗ ಎರಡೂ ಕೈಯಲ್ಲಿ ಕೊಡುತ್ತಾನೆ. ಇದನ್ನು ನಾನು ಕೂತಲ್ಲೇ ಹುಟ್ಟಿಸಲು ಸಾಧ್ಯವಿರಲಿಲ್ಲ. ಕಥೆಯ ಹಂದರ ಮೊದಲು, ಮಾಹಿತಿ ಆಮೇಲೆ ಅನ್ನುವವರಿದ್ದಾರೆ. ನನಗಂತೂ ಹಂದರದ ಅರ್ಧ ಕಂಬಗಳು ಇಂಥ ಬೀದಿ ಪ್ರಶ್ನೆಗಳಿಂದಲೇ ಬಂದವು. ಈಗಿನ ಕಾಲಮಿತಿ ಆಟಗಳಾದರೆ ನಡುರಾತ್ರಿಗೇ ಮಂಗಳ, ಈ ಕಥೆ ನಡೆಯುತ್ತಲೇ ಇರಲಿಲ್ಲ ಬಿಡಿ.

ಬರೆದ ಮೇಲೆ ಕತ್ತರಿ ಹಾಕಿದ್ದು ಜಾಸ್ತಿ ನನ್ನ ಹುಚ್ಚಿಗೇ. ಬಣ್ಣದ ವೇಷದ, ಅಂದರೆ ರಾಕ್ಷಸ ಪಾತ್ರಗಳ, ಮುಖಕ್ಕೆ ಚಿಟ್ಟಿ ಇಡುವುದರ ಬಗ್ಗೆ ನಾಲ್ಕು ಪುಟ ಬರೆದಿದ್ದೆ. ಅಕ್ಕಿ ಹಿಟ್ಟು, ಸುಣ್ಣ, ಒಂದೊಂದೇ ಚುಕ್ಕೆ, ಗಂಟೆಗಟ್ಟಲೆ ಕೆಲಸ. ಕರ್ಣಪರ್ವದಲ್ಲಿ ಅದರ ಅಗತ್ಯವೇ ಇಲ್ಲ. ಪ್ರೀತಿಗೆ ಬರೆದದ್ದು. ತೆಗೆದೆ, ಆದರೆ ಹರಿದು ಹಾಕಲಿಲ್ಲ. ಡಬ್ಬಿಯಲ್ಲಿದೆ.

ಮುಗಿಸಿದ ಮೇಲೆ ಆ ಹಿರಿಯರಿಗೆ ಪೂರ್ತಿ ಓದಿ ಹೇಳಿದೆ. ಕಣ್ಣು ಮುಚ್ಚಿ ಕೇಳಿದರು. ಹಂಡೆಯ ಮಾತು ಬಂದಾಗ ಬೆರಳು ಸ್ವಲ್ಪ ಆಡಿತು. ಓದಿ ಮುಗಿದ ಮೇಲೆ ತುಂಬಾ ಹೊತ್ತು ಸುಮ್ಮನಿದ್ದು ಒಂದೇ ಪ್ರಶ್ನೆ ಕೇಳಿದರು.

“ಪೆಟ್ಟಿಗೆ?”

ನನಗೆ ಅರ್ಥವಾಗಲಿಲ್ಲ.

“ಅವನ ಪೆಟ್ಟಿಗೆ ಎಲ್ಲಿ? ಪ್ರತಿಯೊಬ್ಬನಿಗೂ ಒಂದು ಪೆಟ್ಟಿಗೆ ಇರುತ್ತದಲ್ಲ. ಬಟ್ಟೆ, ಹಾಸಿಗೆ, ಬಣ್ಣ, ದೇವರ ಫೋಟೋ. ಅದನ್ನು ಹೊತ್ತುಕೊಂಡು ಗದ್ದೆ ಬದುವಿನಲ್ಲಿ ಒಬ್ಬನೇ ಹೋಗಲಿಕ್ಕಾಗುವುದಿಲ್ಲ ಮಾರಾಯ್ರೆ.”

ಕೊನೆಯ ಎರಡು ಪುಟ ಮತ್ತೆ ಬರೆದೆ. ಶಲ್ಯ ಬರೀಗೈಯಲ್ಲಿ ಹೋಗುತ್ತಾನೆ. ಬೆಳಗಾದ ಮೇಲೆ ಡೇರೆ ಬಿಚ್ಚಿ ಲಾರಿಗೆ ತುಂಬುವಾಗ ಒಂದು ಪೆಟ್ಟಿಗೆ ಗದ್ದೆಯಲ್ಲಿ ಉಳಿಯುತ್ತದೆ. ಅರ್ಧ ಬಣ್ಣ ಒರೆಸಿದ ಕರ್ಣ ಯಾರಿಗೂ ಹೇಳದೆ ತಾನೇ ಅದನ್ನು ಹೊತ್ತು ಲಾರಿಗೆ ಏರಿಸುತ್ತಾನೆ. ಮುಂದಿನ ಊರಿನ ಬಿಡಾರದಲ್ಲಿ, ಗಾಳಿ ಬರುವ ಮೂಲೆಯಲ್ಲಿ ಅದನ್ನಿಟ್ಟು, ತನ್ನ ಚಾಪೆಯನ್ನು ಬಾಗಿಲ ಹತ್ತಿರ ಹಾಸಿಕೊಳ್ಳುತ್ತಾನೆ.